ರಸ್ತೆ ಮಲಗುವ ಮಂಗಳವಾರ

ನಮ್ಮ ಊರಿನಲ್ಲಿ ವಾರದ ರಜೆ ಮಂಗಳವಾರ. ಮನುಷ್ಯರಿಗಷ್ಟೇ ಅಲ್ಲ, ರಸ್ತೆಗೂ. ಉಳಿದ ದಿನಗಳಲ್ಲಿ ಎಲ್ಲರ ಭಾರ ಹೊತ್ತು ಮೈ ಮುದುಡಿಕೊಂಡಿರುವ ನಮ್ಮ ರಸ್ತೆ ಮಂಗಳವಾರ ಬೆಳಗಾಗುವ ಹೊತ್ತಿಗೆ ಕೈಕಾಲು ಚಾಚಿ ಮಲಗಿಬಿಟ್ಟಿರುತ್ತದೆ. ಸೋಮವಾರ ನಮ್ಮ ಗಿರಣಿಯ ಕಟ್ಟೆಯಿಂದ ಕೂಗಿದರೆ ಓಗೊಡುತ್ತಿದ್ದ ಕ್ಷೌರದ ರಾಚಪ್ಪನ ಅಂಗಡಿ ಮಂಗಳವಾರ ಬಯಲಿನ ಆಚೆ ಕಡ್ಡಿಪೆಟ್ಟಿಗೆಯಷ್ಟು ಕಾಣುತ್ತದೆ. ಅದರಾಚೆ ಶಾಲೆ, ಶಾಲೆಯಾಚೆ ಹುಣಸೆಮರ, ಮರದಾಚೆ ದನದ ದವಾಖಾನೆ. ಅವೆಲ್ಲ ಇವೆ ಎಂದು ನಂಬಿಕೊಂಡಿರಬೇಕು, ಅಷ್ಟೆ.

ಬೇರೆ ಊರಿನಿಂದ ಬಂದ ಸೊಸೆಯಂದಿರು ಮೊದಮೊದಲು ಅಳುತ್ತಾರೆ. ನಾನೂ ಅತ್ತಿದ್ದೆ. ಆಮೇಲೆ ರೂಢಿಯಾಗುತ್ತದೆ. ಸೋಮವಾರವೇ ಕಾಯಿಪಲ್ಲೆ ತಂದಿಟ್ಟುಕೊಳ್ಳುತ್ತೇವೆ. ದಿನ ತುಂಬಿದ ಬಸುರಿಯ ಮನೆಗೆ ಸೂಲಗಿತ್ತಿ ಸೋಮವಾರವೇ ಹಾಸಿಗೆ ಸುತ್ತಿಕೊಂಡು ಬಂದಿರುತ್ತಾಳೆ. ಪ್ರೀತಿ ಗೀತಿ ಎಂದು ತಲೆಕೆಟ್ಟ ಹುಡುಗರು ಮಾಳಿಗೆ ಹತ್ತಿ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಾರೆ. ದೂರದಲ್ಲಿ ಕಾಣುವುದು ಹುಡುಗಿಯೋ ಒಣಹಾಕಿದ ಬಟ್ಟೆಯೋ ತಿಳಿಯದೆ ಎರಡಕ್ಕೂ ಕೈಬೀಸುತ್ತಾರೆ. ಅತ್ತೆಯ ಮನೆ ಹತ್ತಿರವಿದ್ದವರಿಗಂತೂ ಮಂಗಳವಾರವೇ ಹಬ್ಬ. ಬುಧವಾರ ಬೆಳಿಗ್ಗೆ ರಸ್ತೆ ತನ್ನಷ್ಟಕ್ಕೆ ತಾನೇ ಮೈ ಎಳೆದುಕೊಂಡು ಎಂದಿನಂತಾಗುತ್ತದೆ. ಯಾಕೆ ಹೀಗೆ ಎಂದು ಕೇಳುವ ಅಭ್ಯಾಸ ನಮ್ಮಲ್ಲಿಲ್ಲ.

ಕಟ್ಟಳೆ ಒಂದೇ. ಸೋಮವಾರ ದೀಪ ಹಚ್ಚಿದ ಮೇಲೆ ಯಾರೂ ತಮ್ಮ ಕಸುಬನ್ನು ಮುಟ್ಟುವಂತಿಲ್ಲ. ಒಲೆ ಹಚ್ಚಬಹುದು, ಊಟ ಮಾಡಬಹುದು, ಹರಟೆ ಹೊಡೆಯಬಹುದು. ಕಸುಬು ಮಾತ್ರ ಕೂಡದು. ಸೂಜಿ ಬಟ್ಟೆಯಲ್ಲಿದ್ದರೆ ಬಟ್ಟೆಯಲ್ಲೇ ಇರಬೇಕು, ಅರ್ಧ ಹೊಡೆದ ಮೊಳೆ ಅರ್ಧವೇ ಇರಬೇಕು. ಎತ್ತಿಡುವುದು, ಮುಚ್ಚಿಡುವುದು ಕೂಡ ಕೆಲಸವೇ ಎಂದು ಹಿರಿಯರ ವಾದ. ಯಾರಾದರೂ ಮಂಗಳವಾರ ಕಸುಬಿಗೆ ಕೈಹಾಕಿದರೆ ಅವರ ಮನೆಯ ಮುಂದಿನ ರಸ್ತೆ ನಿದ್ದೆಯಲ್ಲಿ ಬೆಚ್ಚಿಬಿದ್ದು ಮೈ ಎಳೆದುಕೊಳ್ಳುತ್ತದೆ. ಹಿಂದೊಮ್ಮೆ ಕಮ್ಮಾರನೊಬ್ಬ ಹಟಕ್ಕೆ ಬಿದ್ದು ಸುತ್ತಿಗೆ ಎತ್ತಿದಾಗ ರಸ್ತೆ ಬೆಚ್ಚಿದ ರಭಸಕ್ಕೆ ಎಮ್ಮೆಯೊಂದು ಗೌಡರ ಮಾಳಿಗೆಯ ಮೇಲೆ ಹೋಗಿ ನಿಂತಿತ್ತಂತೆ. ಅದನ್ನು ಇಳಿಸಲು ಬುಧವಾರದವರೆಗೆ ಕಾದರಂತೆ. ಎಮ್ಮೆ ಮೇಲೆಯೇ ಮೆಲುಕು ಹಾಕುತ್ತಾ ನಿಂತಿತ್ತು ಎಂದು ನಮ್ಮತ್ತೆ ಹೇಳುತ್ತಿದ್ದಳು.

ನಾನು ಬಾಳವ್ವ. ನಾನು, ನನ್ನ ಗಂಡ ಮುದಕಪ್ಪ ಇಬ್ಬರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತೇವೆ. ಗಿರಣಿಯ ಗದ್ದಲದಲ್ಲಿ ಅವನ ಬಲಗಿವಿ, ನನ್ನ ಎಡಗಿವಿ ಕೆಲಸ ಬಿಟ್ಟಿವೆ. ಹೀಗಾಗಿ ನಮ್ಮ ಸಂಸಾರದ ಕಿವಿ ಎಂದರೆ ಪೇದೆ. ಯಾರೋ ಬಂದು ಕೂಗುತ್ತಿದ್ದಾರೆಂದು ನನ್ನ ಸೆರಗು ಎಳೆಯುವುದು, ಹಾಲು ಉಕ್ಕುತ್ತಿದೆಯೆಂದು ಒಲೆಯ ಮುಂದೆ ಕುಣಿಯುವುದು, ಮುದಕಪ್ಪ ಕರೆಯುತ್ತಿದ್ದಾನೆಂದು ನನ್ನನ್ನು ತಳ್ಳಿಕೊಂಡು ಹೋಗುವುದು, ಎಲ್ಲ ಅದರದೇ ಉಸ್ತುವಾರಿ. ಪೇದೆ ನಮ್ಮ ನಾಯಿ. ಹಿಟ್ಟಿನ ಚೀಲಗಳ ನಡುವೆ ಮರಿಯಾಗಿ ಸಿಕ್ಕಾಗ ಬೆಳ್ಳಗಿತ್ತು. ಮೈ ತೊಳೆದ ಮೇಲೆ ನೋಡಿದರೆ ಅಪ್ಪಟ ಖಾಕಿ. ಮುದಕಪ್ಪ ಸೆಲ್ಯೂಟ್ ಹೊಡೆದ, ಹೆಸರು ನಿಂತುಹೋಯಿತು. ಆ ಪ್ರಾಣಿಯ ಮೇಲೆ ನನಗೆ ಎಷ್ಟು ಜೀವ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಗುತ್ತದೆ, ಆದರೆ ಇದೆ.

ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡು ದಸ್ತಗೀರನ ಬೇಕರಿ. ಗಿರಣಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಅವನು ಪೇಟೆಯಿಂದ ಮೈದಾ ತರಿಸತೊಡಗಿದ ದಿನದಿಂದ ನಾನು ಅವನ ಬೇಕರಿಯ ಒಂದು ಚೂರು ಬ್ರೆಡ್ಡನ್ನೂ ಬಾಯಿಗಿಟ್ಟಿರಲಿಲ್ಲ. ಮಾತಿಗೇನೂ ಕಡಿಮೆ ಇರಲಿಲ್ಲ. ಬರೀ ಕೊಂಕು ಮಾತು.

ಆ ಮಂಗಳವಾರ ಬೆಳಿಗ್ಗೆ ಪೇದೆ ನನ್ನ ಸೆರಗು ಎಳೆಯಲು ಬರಲಿಲ್ಲ. ಹಿತ್ತಿಲಲ್ಲಿ ಹುಡುಕಿದರೆ ಕಲ್ಲಿಗೆ ಒರಗಿ ನಿಂತಿತ್ತು. ಹೊಟ್ಟೆ ಡೊಳ್ಳಿನಂತೆ ಬಿಗಿದಿತ್ತು. ಕಾಲು ಒಂದೊಂದು ದಿಕ್ಕಿಗೆ ಹೋಗುತ್ತಿದ್ದವು, ಬಾಯಿಂದ ನೊರೆ, ವಾಂತಿ ಮಾಡಲು ಹೋಗಿ ಹೋಗಿ ಏನೂ ಬರುತ್ತಿರಲಿಲ್ಲ. ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಆ ಬಾಲದ ಭಾರಕ್ಕೇ ಬಿದ್ದುಬಿಟ್ಟಿತು. 

ದಸ್ತಗೀರ ಗೋಡೆಯ ಮೇಲಿಂದ ಇಣುಕಿ ನೋಡಿದವನೇ ತಲೆಯ ಮೇಲೆ ಕೈಹೊತ್ತು ಕುಳಿತ. "ಬಾಳವ್ವಾ, ನಿನ್ನೆ ನಾದಿದ್ದ ಬುಟ್ಟಿ ಖಾಲಿ ಆಗೇತಿ. ದೀಪ ಹಚ್ಚೋ ಹೊತ್ತಾತು ಅಂತ ಮುಚ್ಚಲಾರದ ಹಂಗ ಬಿಟ್ಟಿದ್ದೆ. ಹುಳಿ ಹಾಕಿದ್ದ ಹಿಟ್ಟು ಅದು. ಹೊಟ್ಟಿಯೊಳಗ ಇನ್ನೂ ಉಬ್ಬಾಕತ್ತಿರತೈತಿ."

"ಒಂದ ಮುಚ್ಚಳ ಮುಚ್ಚಾಕ ನಿನ್ನ ಕೈ ಸೇದಿತ್ತೇನೋ?" ಎಂದು ಕೂಗಿದೆ. ಕೂಗಿದ ಮೇಲೆ ನಮ್ಮ ಗಿರಣಿಯ ಕಡೆ ನೋಡಿದೆ. ಅಲ್ಲಿ ಯಾರದೋ ಗೋಧಿ ಅರ್ಧ ಬೀಸಿ ಬಿಟ್ಟದ್ದು ಹಾಗೇ ಬಾಯ್ತೆರೆದುಕೊಂಡು ಬಿದ್ದಿತ್ತು. ಊರಿನ ಎಲ್ಲ ಮನೆಯಲ್ಲೂ ಅದೇ ಕತೆ. 

ದವಾಖಾನೆಯ ನೀಲಾ ಡಾಕ್ಟರು ದನ, ಕುರಿ, ನಾಯಿ ಎಲ್ಲಕ್ಕೂ ಒಬ್ಬರೇ. ಬೇರೆ ದಿನವಾಗಿದ್ದರೆ ಪೇದೆಯನ್ನು ಹೆಗಲ ಮೇಲೆ ಹಾಕಿಕೊಂಡು ಒಂದೇ ಉಸಿರಿಗೆ ಓಡಿಹೋಗಬಹುದಾಗಿತ್ತು. ಇವತ್ತು ಹೊರಟರೆ ಹೊತ್ತು ಮುಳುಗುವಾಗ ಮುಟ್ಟಬೇಕು. ಪೇದೆಯ ಉಸಿರು ನೋಡಿದರೆ ಮಧ್ಯಾಹ್ನದವರೆಗೆ ಎಳೆಯುವುದೂ ಅನುಮಾನವಾಗಿತ್ತು.

ಮುದಕಪ್ಪ ಎದ್ದ. ಒಳಗೆ ಹೋಗಿ ಗಿರಣಿಯ ಪಟ್ಟಿ ಏರಿಸಿ ಗುಂಡಿ ಒತ್ತಿದ.  ಹೊರಗೆ ಬಂದು ನೋಡಿದೆ. ರಸ್ತೆ ಅಲುಗಲಿಲ್ಲ. ಬಯಲು ಹಾಗೇ ಇತ್ತು, ರಾಚಪ್ಪನ ಅಂಗಡಿ ಹಾಗೇ ಕಡ್ಡಿಪೆಟ್ಟಿಗೆಯಾಗಿತ್ತು.

"ಬರೇ ತಿರಗಿಸಿದ್ರ ಅದು ಮಳ್ಳ ಆಗಾಂಗಿಲ್ಲ," ಎಂದ ದಸ್ತಗೀರ. "ಕೆಲ್ಸ ಖರೇ ಇರಬೇಕು."

ಆಗ ಮುದಕಪ್ಪ ಅರ್ಧಕ್ಕೆ ಬಿಟ್ಟಿದ್ದ ಗೋಧಿಯನ್ನು ಗಿರಣಿಯ ಬಾಯಿಗೆ ಸುರಿದ. ಮೊದಲ ಹಿಡಿ ಹಿಟ್ಟು ಕೆಳಗೆ ಬೀಳುತ್ತಿದ್ದ ಹಾಗೆ ನನ್ನ ಪಾದದ ಕೆಳಗೆ ನೆಲ ಸಣ್ಣಗೆ ನಡುಗಿತು. ಇಬ್ಬರು ಹೆಂಗಸರು ಎರಡು ತುದಿ ಹಿಡಿದು ಸೀರೆ ಮಡಚುವ ಹಾಗೆ ನಮ್ಮ ಮುಂದಿನ ಬಯಲು ಮಡಿಕೆ ಬಿದ್ದು ಬಿದ್ದು ಹತ್ತಿರ ಬಂತು. ಧೂಳು ಕೂಡ ಏಳಲಿಲ್ಲ. ರಾಚಪ್ಪನ ಅಂಗಡಿ ಬೆಳೆಯುತ್ತಾ ಬೆಳೆಯುತ್ತಾ ಬಂದು ಎಂದಿನ ಜಾಗದಲ್ಲಿ ನಿಂತಿತು, ಅಂಗಳದಲ್ಲಿ ಮಂಚದ ಮೇಲೆ ಮಲಗಿದ್ದ ರಾಚಪ್ಪನ ಸಮೇತ. ಇಷ್ಟು ವರ್ಷ ಈ ಊರಿನಲ್ಲಿ ಬಾಳಿದವಳು ನಾನು, ಅದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಕೈ ತಾನೇ ಎದೆಗೆ ಹೋಯಿತು.

ಮುದಕಪ್ಪ ಬೀಸುತ್ತಲೇ ಇರಬೇಕಾಗಿತ್ತು. ನಿಲ್ಲಿಸಿದರೆ ರಸ್ತೆ ಮತ್ತೆ ಮೈಚಾಚುತ್ತದೆ. ದಸ್ತಗೀರ ತನ್ನ ಬ್ರೆಡ್ ಮಾರುವ ತಳ್ಳುಗಾಡಿ ತಂದ. ಪೇದೆಯನ್ನು ಅದರಲ್ಲಿ ಮಲಗಿಸಿ ಇಬ್ಬರೂ ತಳ್ಳಿಕೊಂಡು ಹೊರಟೆವು.

ರಾಚಪ್ಪ ಮಂಚದ ಮೇಲೆ ಎದ್ದು ಕುಳಿತು ಕಣ್ಣುಜ್ಜುತ್ತಿದ್ದ. ಅವನ ಪಕ್ಕದ ಕಟ್ಟೆಯ ಮೇಲೆ ಪೈಲ್ವಾನ್ ಭರಮಪ್ಪ ಕುಳಿತಿದ್ದ. ಕುಸ್ತಿ ಬಿಟ್ಟು ಎಷ್ಟೋ ಕಾಲವಾದರೂ ಅವನ ಮೀಸೆ ಮಾತ್ರ ಇನ್ನೂ ಅಖಾಡದಲ್ಲೇ ಇತ್ತು. ಸುತ್ತಲ ಊರಿನ ವರಗಳೆಲ್ಲ ಮದುವೆಗೆ ಮುಂಚೆ ಬಂದು ಆ ಮೀಸೆ ನೋಡಿಕೊಂಡು ಹೋಗುತ್ತಿದ್ದರು.

"ರಾಚಪ್ಪಾ, ಯಾರದರ ತಲಿ ಕತ್ತರಸು. ಶಾಲಿ ತನಕ ರಸ್ತೆ ಏಳಬೇಕು," ಎಂದೆ.

"ಹುಚ್ಚ ಹಿಡದೈತೇನ ಬಾಳವ್ವಾ? ಮಂಗಳವಾರ ಕತ್ರಿ ಹಿಡೀಲೇನು? ಅದೂ ಅಲ್ದ ನಿನ್ನೇನ ಓಣಿ ಮಂದಿದೆಲ್ಲಾ ಮಾಡಿ ಮುಗಸೀನಿ. ಕತ್ತರಸುವಷ್ಟು ಕೂದಲ ಯಾರ ತಲಿಮ್ಯಾಲೂ ಉಳದಿಲ್ಲ."

 ಗಾಡಿಯಲ್ಲಿ ಪೇದೆ ನರಳಿತು. ನಾಯಿಯ ನರಳಿಕೆಯಲ್ಲ, ಮುದುಕರು ನಿದ್ದೆಯಲ್ಲಿ ಮಾಡುವಂಥ ಸದ್ದು. ಭರಮಪ್ಪ ಎದ್ದು ಬಂದು ಬಗ್ಗಿ ನೋಡಿದ.

"ಇದ ನಾಯಿ ಅಲ್ಲೇನು ಹ್ವಾದ ವರ್ಸ ನನ್ನ ಮೀನಖಂಡ ಹಿಡದಿದ್ದು?"

"ಹೌದ್ರಿ," ಎಂದೆ. ಸುಳ್ಳು ಹೇಳಿ ಏನು ಮಾಡಲಿ?

ಅವನು ಕಾಲಿನ ಹಳೆಯ ಗಾಯದ ಕಲೆ ಸವರಿಕೊಂಡ. ಆಮೇಲೆ ಹೋಗಿ ರಾಚಪ್ಪನ ಕುರ್ಚಿಯಲ್ಲಿ ಕುಳಿತ. "ತಗೀ ರಾಚಪ್ಪ. ಮೊದಲ ಮೀಸಿ ತಗೀ. ಆಮ್ಯಾಲೆ ತಲಿ, ಹುಬ್ಬು, ಏನ ಸಿಗತೈತೋ ಅದು. ಇದರ ಉಸಿರಾಟ ನನಗ ಕೇಳಾಕ ಆಗವಲ್ದು."

 ಕತ್ತರಿಯ ಮೊದಲ ಸದ್ದಿಗೆ ಎಡ ಮೀಸೆ ಕೆಳಗೆ ಬಿತ್ತು. ರಸ್ತೆ ಮೈ ಎಳೆದುಕೊಂಡಿತು. ಶಾಲೆಯ ಹೆಂಚು, ಕಂಬ, ಅಂಗಳದಲ್ಲಿ ಗೋಲಿಯಾಡುತ್ತಿದ್ದ ಮಕ್ಕಳು ಎಲ್ಲ ನಮ್ಮ ಕಡೆಗೆ ತೇಲಿ ಬಂದವು. ಭರಮಪ್ಪ ಕಣ್ಣು ಮುಚ್ಚಿಕೊಂಡಿದ್ದ. ಅವನಿಗೆ ಕೈ ಮುಗಿಯಬೇಕೆನಿಸಿತು, ಗಾಡಿ ಬಿಟ್ಟು ಮುಗಿಯಲಾಗಲಿಲ್ಲ.

ಶಾಲೆಯ ಪಕ್ಕದ ಮನೆಯಲ್ಲಿ ಗೋಪಾಳರಾವ್ ಮಾಸ್ತರರು ತಾಯಿಯ ಜೊತೆ ಇದ್ದರು. ತಾಯಿ ಸುಂದ್ರಾಬಾಯಿಗೆ ವಯಸ್ಸೆಷ್ಟು ಎಂದು ಆಕೆಗೂ ಗೊತ್ತಿಲ್ಲ. ಮಾಸ್ತರರು ವಿಷಯ ಕೇಳಿದ ಕೂಡಲೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮಗ್ಗಿ ಹೇಳಿಸಿದರು. ಮಕ್ಕಳು ಗಂಟಲು ಹರಿಯುವ ಹಾಗೆ ಒದರಿದರು. ರಸ್ತೆ ಕಿವಿಗೇ ಹಾಕಿಕೊಳ್ಳಲಿಲ್ಲ.

"ಅವಕ್ಕ ಬರೋದನ್ನ ಹೇಳಿಸಿದ್ರ ಕಲಿಸಿಧಾಂಗ ಆಗೂದಿಲ್ಲ," ಎಂದು ಮಾಸ್ತರರು ಬೆವರು ಒರೆಸಿಕೊಂಡರು. "ಹೊಸಾದು ಕಲಿಸಬೇಕು. ಆದ್ರ ಇವತ್ತ ಇವುಗಳ ತಲಿಯೊಳಗ ಏನೂ ಇಳಿಯೂದಿಲ್ಲ, ನೋಡ್ರಿ ಮಾರಿ ಹೆಂಗದಾವ." ನಿಜವಾಗಿಯೂ ಮಕ್ಕಳ ಕಣ್ಣೆಲ್ಲ ಪೇದೆಯ ಮೇಲಿತ್ತು.

ಆಗ ಸುಂದ್ರಾಬಾಯಿ ಒಳಗಿನಿಂದ, "ಗೋಪಾಳಾ, ನನಗ ಕಲಸು," ಎಂದಳು.

ಮಾಸ್ತರರು ತಿರುಗಿ ನೋಡಿದರು. ಸಾವಿರಾರು ಮಕ್ಕಳ ಕೈಹಿಡಿದು ತಿದ್ದಿಸಿದ ಮನುಷ್ಯ ಅವರು. ತಾಯಿಗೆ ಮಾತ್ರ ಒಂದಕ್ಷರವೂ ಬರುತ್ತಿರಲಿಲ್ಲ. ಅವಳನ್ನು ಎತ್ತಿಕೊಂಡು ಬಂದು ಅಂಗಳದ ಮರಳಿನ ಮುಂದೆ ಕೂರಿಸಿ ಅವಳ ಬೆರಳು ಹಿಡಿದರು. ಬೆರಳು ಕೊಂಕಿತ್ತು, ನಡುಗುತ್ತಿತ್ತು. ಸುತ್ತಿ, ಬಾಗಿ, ಕೊನೆಗೆ ಒಂದು ಅಕ್ಷರ ಮರಳಿನ ಮೇಲೆ ನಿಂತಿತು. ಮಾಸ್ತರರು ಅಳಿಸಿ, ಕೈ ಬಿಟ್ಟರು. ಮುದುಕಿ ತಾನೇ ಬರೆದಳು. ಸೊಟ್ಟಗಿತ್ತು, ಆದರೆ ಅದೇ ಅಕ್ಷರ.

ರಸ್ತೆ ಈ ಸಲ ಬೆಚ್ಚಲಿಲ್ಲ. ಮಗು ಮಗ್ಗುಲು ಬದಲಿಸಿದ ಹಾಗೆ ಮೆತ್ತಗೆ ಸರಿದು ಹುಣಸೆಮರವನ್ನು ತಂದು ಎದುರಿಗಿಟ್ಟಿತು. ಸುಂದ್ರಾಬಾಯಿ ಅದನ್ನು ನೋಡಲೇ ಇಲ್ಲ. "ಇಷ್ಟ ದಿನ ಯಾಕ ಕಲಸಲಿಲ್ಲೋ ನೀ?" ಎಂದು ಮಗನನ್ನು ಕೇಳುತ್ತಿದ್ದಳು. ಮಾಸ್ತರರು ಉತ್ತರ ಕೊಟ್ಟದ್ದು ನನ್ನ ಒಳ್ಳೆಯ ಕಿವಿಗೂ ಕೇಳಿಸಲಿಲ್ಲ.

ಹುಣಸೆಮರ ದಾಟಿದ ಮೇಲೆ ಗಾಡಿ ನಿಲ್ಲಿಸಿದೆವು. ಮುಂದಿನ ರಸ್ತೆ ಯಾರದೂ ಅಲ್ಲ. ಬೇರೆ ದಿನ ಅದು ನಾಲ್ಕು ಹೆಜ್ಜೆಯ ಜಾಗ, ಮನೆಯಿಲ್ಲ ಮಠವಿಲ್ಲ. ಇವತ್ತು ಕಣ್ಣು ಹಾಯುವವರೆಗೆ ಬಿಳಿ ಬಯಲು, ತುದಿಯಲ್ಲಿ ದವಾಖಾನೆ ಒಂದು ನೀಲಿ ಚುಕ್ಕೆ. ಕೂಗಿದರೆ ಕೇಳದು. ಪೇದೆಯ ನಾಲಿಗೆ ಹೊರಗೆ ಜೋತುಬಿದ್ದಿತ್ತು. ನನ್ನ ಕಸುಬು ಗಿರಣಿಯಲ್ಲಿತ್ತು, ಇಲ್ಲಿ ನಾನು ಏನು ಬೀಸಲಿ?

ದಸ್ತಗೀರ ಗಾಡಿಯ ಹಿಡಿಕೆ ಹಿಡಿದು ನಿಂತವನು ಇದ್ದಕ್ಕಿದ್ದಂತೆ ಕುತ್ತಿಗೆ ಎತ್ತಿ ಕೂಗಿದ. "ಪಾವ್, ಬನ್, ಟೋಸ್ಟ್! ಗರಿಗರಿ ಟೋಸ್ಟ್!" ದಿನಾ ಬೆಳಿಗ್ಗೆ ಊರು ತಿರುಗುವಾಗ ಕೂಗುವ ಅದೇ ರಾಗ. ಗಾಡಿಯ ಕೆಳಗಿನ ಡಬ್ಬಿಯಲ್ಲಿ ನಿನ್ನೆ ಉಳಿದ ಟೋಸ್ಟ್ ಇದ್ದವು. ನನ್ನ ಕಡೆ ನೋಡಿದ. ಮತ್ತೆ ಕೂಗಿದ. ರಸ್ತೆ ಕಾಯುತ್ತಿತ್ತು, ಮಾರುವವನು ಇದ್ದ, ಕೊಳ್ಳುವವರು ಬೇಕಿತ್ತು.

"ಒಂದ ಕೊಡು," ಎಂದೆ.

"ಖರೇನ ಬೇಕೇನು?" ಎಂದ. ಅವನ ಕಣ್ಣಲ್ಲಿ ನೀರಿತ್ತು. "ಸುಳ್ಳ ಸುಳ್ಳ ತಗೊಂಡ್ರ ನಡಿಯಾಂಗಿಲ್ಲ ಬಾಳವ್ವ."

ಬೆಳಿಗ್ಗೆಯಿಂದ ಒಂದು ಗುಟುಕು ಚಹಾ ಕೂಡ ಕುಡಿದಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುತ್ತೇನೆ, ಎಷ್ಟೋ ಬೆಳಗು ಗೋಡೆಯಾಚೆಯಿಂದ ಬರುವ ಆ ಟೋಸ್ಟಿನ ವಾಸನೆ ಮೂಗಿಗೆ ಬಡಿದಾಗ ಮುಖ ತಿರುಗಿಸಿಕೊಂಡು ಜೋಳ ಸುರಿದಿದ್ದೇನೆ. "ಬೇಕು," ಎಂದೆ. "ಬಾಳ ದಿನದಿಂದ ಬೇಕಾಗೇತಿ."

ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟೆ. ಅವನು ಕಾಗದದಲ್ಲಿ ಸುತ್ತಿ ಕೊಟ್ಟ. ನಾಯಿಯ ಕೂದಲು ಅಂಟಿದ ಕೈಯಲ್ಲೇ ಕಚ್ಚಿದೆ. ಟೋಸ್ಟು ಮುರಿದ ಸದ್ದಿಗೆ ಯಾರದೂ ಅಲ್ಲದ ಆ ಬಯಲು ಮಿಸುಕಿತು. ಅವನು ಕೂಗುತ್ತಾ ಗಾಡಿ ತಳ್ಳಿದ, ನಾನು ಕೊಳ್ಳುತ್ತಾ ತಿನ್ನುತ್ತಾ ನಡೆದೆ. ಗಂಟಲು ಒಣಗಿ, ಕಣ್ಣೀರಿನಲ್ಲೇ ನೆನೆಸಿಕೊಂಡು ನುಂಗಿದೆ. ಎರಡೂ ಕಡೆಯಿಂದ ನೆಲ ಹರಿದು ಬಂದು ನಮ್ಮ ಕಾಲ ಕೆಳಗೆ ಹೊಕ್ಕುತ್ತಿತ್ತು. ಅಷ್ಟು ದೊಡ್ಡ ಜೀವವೊಂದು ನಮ್ಮ ಒಂದು ಪುಟ್ಟ ವ್ಯಾಪಾರಕ್ಕೆ ಕಿವಿಗೊಟ್ಟು ಜಾಗ ಬಿಡುತ್ತಿದೆಯಲ್ಲ ಎಂದು ನನಗೆ ಭಯವೂ ಆಯಿತು, ಭಕ್ತಿಯೂ ಬಂತು. ಡಬ್ಬಿ ಖಾಲಿಯಾಗುವ ಮುಂಚೆ ದವಾಖಾನೆಯ ನೀಲಿ ಬಾಗಿಲು ಗಾಡಿಗೆ ಬಂದು ತಾಗಿತು.

ನೀಲಾ ಡಾಕ್ಟರು ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂದಲು ಹರವಿ ಕುಳಿತಿದ್ದರು. ಮಂಗಳವಾರ ಬಾಗಿಲಿಗೆ ರೋಗಿ ಬಂದದ್ದನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೂದಲು ಗಂಟು ಕಟ್ಟಿಕೊಂಡು ಪೇದೆಯ ಹೊಟ್ಟೆಯ ಮೇಲೆ ಬೆರಳು ಬಡಿದರು. ಬಾಯಿ ಮೂಸಿ ನೋಡಿದರು. "ಸೆರೆ ಕುಡದಾಂಗ ವಾಸನಿ ಹೊಡಿಯಾಕತ್ತೈತಿ. ಹುಳಿಹಿಟ್ಟು ತಿಂದೈತೇನು?" ಎಂದರು. ದಸ್ತಗೀರ ತಲೆ ತಗ್ಗಿಸಿದ.

ರಬ್ಬರ್ ನಳಿಗೆಯನ್ನು ಗಂಟಲಿನಿಂದ ಇಳಿಸಿ, ಗಡಿಗೆಯ ತಣ್ಣೀರು ಹಾಕಿ ಹಾಕಿ ತೆಗೆದರು. ಗಾಳಿ ಬುಸ್ಸೆಂದು ಹೊರಬಂತು, ಆಮೇಲೆ ಹಿಟ್ಟಿನ ಉಂಡೆಗಳು. ನಾನು ಪೇದೆಯ ತಲೆ ಹಿಡಿದುಕೊಂಡಿದ್ದೆ. ಹೊಟ್ಟೆ ಇಳಿಯುತ್ತಾ ಹೋದಂತೆ ಉಸಿರು ಉದ್ದವಾಯಿತು. ಕೊನೆಗೆ ಕಣ್ಣು ತೆರೆದು ಡಾಕ್ಟರನ್ನು ನೋಡಿ ಗುರ್ ಎಂದಿತು. ಆ ಗುರ್ ಕೇಳಿ ನಾನು ಜೋರಾಗಿ ಅತ್ತೆ.

"ಇಷ್ಟಕ್ಕ ಮುಗೀಲಿಲ್ಲವ್ವ," ಎಂದರು ಡಾಕ್ಟರು. ಒಂದು ಸೂಜಿ ಚುಚ್ಚಿದರು. "ಒಳಗ ಇನ್ನೂ ಸ್ವಲ್ಪ ಉಳದೈತಿ, ರಕ್ತದಾಗೂ ನಶೆ ಸೇರೈತಿ. ನಾಳೆ ಸಂಜಿ ಒಳಗ ಇನ್ನೊಂದ ಸೂಜಿ ಬೀಳಾಕ ಬೇಕು. ತಪ್ಪಿದ್ರ ನಾ ಏನೂ ಹೇಳಾಕ ಬರಾಂಗಿಲ್ಲ. ನಾಳೆ ಬುಧವಾರ, ಚಿಂತಿಲ್ಲ, ಎದ್ದ ಕೂಡ್ಲೆ ಎತಗೊಂಡ ಬರ್ರಿ."

ಬರುವಾಗಲೂ ಟೋಸ್ಟ್ ತಿನ್ನುತ್ತಲೇ ಬಂದೆ. ಎಲ್ಲರೂ ಇನ್ನೂ ದುಡಿಯುತ್ತಿದ್ದರು. ಸುಂದ್ರಾಬಾಯಿ ಮಗನ ಹೆಸರು ಬರೆಯುವವರೆಗೆ ಮುಂದೆ ಹೋಗಿದ್ದಳು. ಭರಮಪ್ಪನ ತಲೆ, ಮೀಸೆ, ಹುಬ್ಬು ಎಲ್ಲ ಮುಗಿದು ಅವನ ತಮ್ಮ, ತಮ್ಮನ ಮಕ್ಕಳು ಸರದಿಯಲ್ಲಿ ನಿಂತಿದ್ದರು. ಮುದಕಪ್ಪ ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿದ್ದ. ಓಣಿಯವರೆಲ್ಲ ಮನೆಯ ಕಾಳು ಖಾಲಿ ಮಾಡಿ ತಂದು ಸುರಿದಿದ್ದರು. ಅವನು ಪೇದೆಯನ್ನು ಕಂಡು ಗಿರಣಿ ನಿಲ್ಲಿಸಿದ. ಹಿಂದೆ ರಸ್ತೆ ಒಂದು ದೊಡ್ಡ ಉಸಿರು ಬಿಟ್ಟು ಮತ್ತೆ ಚಾಚಿಕೊಂಡಿತು.

ಬುಧವಾರ ಬೆಳಿಗ್ಗೆ ಪೇದೆಯನ್ನು ಎತ್ತಿಕೊಂಡು ಬಾಗಿಲು ತೆಗೆದೆ. ಎದುರಿಗೆ ಬಯಲು. ರಾಚಪ್ಪನ ಅಂಗಡಿ ಕಡ್ಡಿಪೆಟ್ಟಿಗೆಯಷ್ಟೇ ಇತ್ತು. ರಸ್ತೆ ಎದ್ದಿರಲಿಲ್ಲ.

ಓಣಿಯವರು ಬುತ್ತಿ, ಚೀಲ, ಬೀಗದ ಕೈ ಹಿಡಿದು ಹೊರಗೆ ಬಂದು ಬಂದು ನಿಂತರು.  ನಿನ್ನೆ ನಾವು ಅದಕ್ಕೆ ನಿದ್ದೆ ಕೊಟ್ಟಿರಲಿಲ್ಲ. ಇವತ್ತು ಅದು ತನ್ನ ನಿದ್ದೆ ತಾನು ತೆಗೆದುಕೊಳ್ಳುತ್ತಿತ್ತು. ಅರ್ಜಿ ಬರೆಯುವ ಮನುಷ್ಯನೊಬ್ಬ ಗೊಣಗಲು ಬಾಯಿ ತೆರೆದ. ಅವನ ಹೆಂಡತಿ ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಒಬ್ಬೊಬ್ಬರಾಗಿ ಎಲ್ಲರೂ ಬಾಗಿಲು ಮುಂದೆ ಮಾಡಿಕೊಂಡರು. ಯಾರೂ ಹೇಳದೆ ಕೇಳದೆ ಊರು ಇನ್ನೊಂದು ಮಂಗಳವಾರ ಆಚರಿಸತೊಡಗಿತು.

ಹೊತ್ತೇರುತ್ತಿದ್ದಂತೆ ಪೇದೆಯ ಹೊಟ್ಟೆ ಮತ್ತೆ ಬಿಗಿಯತೊಡಗಿತು. ನೀರು ಇಟ್ಟರೆ ಮುಖ ತಿರುಗಿಸಿತು. ನಾನು ಎದ್ದು ಗಿರಣಿಯೊಳಗೆ ಹೋದೆ. ಗುಂಡಿಯ ಮೇಲೆ ಬೆರಳಿಟ್ಟೆ. ಮುದಕಪ್ಪ ನೋಡುತ್ತಿದ್ದ, ಬೇಡವೆನ್ನಲಿಲ್ಲ. ಬಾಗಿಲಲ್ಲಿ ದಸ್ತಗೀರ ನಿಂತಿದ್ದ, ಅವನೂ ಅನ್ನಲಿಲ್ಲ. ನಾನು ಒತ್ತಿದರೆ ಊರಿಗೆ ಊರೇ ಇವತ್ತೂ ನನ್ನ ಜೊತೆ ದುಡಿಯುತ್ತಿತ್ತು ಎಂದು ನನಗೆ ಗೊತ್ತಿತ್ತು. ಆದರೆ ಹೊರಗೆ ರಸ್ತೆ ಕಾಣುತ್ತಿತ್ತು. ಬಿಸಿಲಿನಲ್ಲಿ ಅದರ ಮೈತುಂಬ ಹೊಸ ಬಿರುಕು. ನಿನ್ನೆ ಎಳೆದುಕೊಂಡ ಜಾಗದಲ್ಲೆಲ್ಲ ಸಣ್ಣ ಸಣ್ಣ ಬಿರುಕು. ನಾನು ಬೆರಳು ತೆಗೆದೆ. ನನ್ನ ನಾಯಿಗಾಗಿ ಅದು ಒಮ್ಮೆ ಎದ್ದಿತ್ತು, ಇನ್ನೊಮ್ಮೆ ಎಬ್ಬಿಸಲು ನನ್ನ ಕೈಲಾಗಲಿಲ್ಲ. ಕಟ್ಟೆಗೆ ಬಂದು ಪೇದೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತೆ. ಸೋತು ಕುಳಿತೆ ಎಂದೇ ಹೇಳಬೇಕು.

ಸೂರ್ಯ ವಾಲಿದ ಮೇಲೆ ದಸ್ತಗೀರ ಮಾಳಿಗೆಯ ಮೇಲಿಂದ ಕೈಮಾಡಿದ. ಬಯಲಿನಲ್ಲಿ ಒಂದು ಚುಕ್ಕೆ ಬರುತ್ತಿತ್ತು. ಬಹಳ ಹೊತ್ತು ಅದು ಚುಕ್ಕೆಯಾಗಿಯೇ ಇತ್ತು. ಆಮೇಲೆ ಸೀರೆಯಾಯಿತು, ಬಗಲಲ್ಲಿ ಚೀಲವಾಯಿತು, ನೀಲಾ ಡಾಕ್ಟರಾಯಿತು. ಚಪ್ಪಲಿ ಕೈಯಲ್ಲಿದ್ದವು. ಬರಿಗಾಲಲ್ಲಿ, ಮಲಗಿದ ಕೂಸಿನ ಪಕ್ಕದಲ್ಲಿ ನಡೆಯುವ ಹಾಗೆ ಹೆಜ್ಜೆ ಇಡುತ್ತಿದ್ದರು. ಕೋಳಿ ಕೂಗುವ ಮುಂಚೆ ಎದ್ದು ರಸ್ತೆ ನೋಡಿದವರು ಹಾಗೇ ಹೊರಟುಬಿಟ್ಟಿದ್ದರಂತೆ. ಅವರ ಪಾದ ಊದಿ ಬೊಬ್ಬೆ ಎದ್ದಿದ್ದವು.

ನಾನು ನೀರು ಕೊಟ್ಟೆ. ಅವರು ಕುಡಿದು, ಚೀಲದ ಕಡೆ ನೋಡಿ, ರಸ್ತೆಯ ಕಡೆ ನೋಡಿದರು. ಸೂಜಿ ಹಿಡಿದರೆ ಅದು ಅವರ ಕಸುಬು. ತಮ್ಮ ದವಾಖಾನೆ ಬಿಟ್ಟು ಇಲ್ಲಿ ಗಿರಣಿಯ ಮುಂದೆ ಮಾಡಿದರೂ ರಸ್ತೆ ಬೆಚ್ಚಿದರೆ? ಬಾಗಿಲ ಸಂದಿಯಿಂದ, ಕಿಟಕಿಯಿಂದ, ಮಾಳಿಗೆಯಿಂದ ಓಣಿಯೆಲ್ಲ ಉಸಿರು ಹಿಡಿದು ನೋಡುತ್ತಿತ್ತು.

ಡಾಕ್ಟರು ಬಗ್ಗಿ ರಸ್ತೆಯ ಮೇಲೆ ಅಂಗೈ ಇಟ್ಟರು. "ನಾ ಇವತ್ತ ಡಾಕ್ಟರ್ ಅಂತ ಬಂದಿಲ್ಲಪ," ಎಂದು ಮೆಲ್ಲಗೆ ಹೇಳಿದರು. "ಬಾಳವ್ವನ ಮನಿಗೆ ಬೀಗತಿ ಬಂಧಾಂಗ ಬಂದೀನಿ. ನೀ ಮಲಕೊ."

ಸೂಜಿ ಒಳಗೆ ಹೋಯಿತು. ಪೇದೆ ಕುಂಯ್ ಎಂದಿತು. ನಾನು ನಾಯಿಯನ್ನು ನೋಡಲಿಲ್ಲ, ಯಾರೂ ನೋಡಲಿಲ್ಲ. ಎಲ್ಲರ ಕಣ್ಣೂ ರಸ್ತೆಯ ಮೇಲಿತ್ತು. ಒಂದು ಹರಳೂ ಅಲುಗಲಿಲ್ಲ. ಅದಕ್ಕೆ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನೆ ಮಲಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ದವಾಖಾನೆ ಎಲ್ಲೋ ದಿಗಂತದಲ್ಲಿ ನೀಲಿ ಚುಕ್ಕೆಯಾಗಿಯೇ ಉಳಿಯಿತು.

ಸ್ವಲ್ಪ ಹೊತ್ತಿಗೆ ಪೇದೆ ನನ್ನ ತೊಡೆಯಿಂದಿಳಿದು ಬೋಗುಣಿಯವರೆಗೆ ನಡೆದುಹೋಗಿ ನೀರು ಕುಡಿಯಿತು. ಅದು ಲೊಚ ಲೊಚ ಕುಡಿಯುವ ಸದ್ದು ನನ್ನ ಕೆಟ್ಟ ಕಿವಿಗೂ ಕೇಳಿಸಿತು. ಇಷ್ಟು ಹೊತ್ತೂ ಬಾಯಿಗೆ ಬೀಗ ಹಾಕಿಕೊಂಡಿದ್ದ ಮುದಕಪ್ಪ ಬಿಸಿನೀರು ತಂದು ಡಾಕ್ಟರ ಪಾದದ ಹತ್ತಿರ ಇಟ್ಟು, "ಊಟ ಮಾಡಿ ಇಲ್ಲೇ ಮಲಕೋರಿ, ಮನಿ ದೂರೈತಿ," ಎಂದ.